ಕತ್ತಲೆಯನ್ನು ಕಾಯುವ ಕೆಂಪು ಹಾಳೆ

ಕಡೂರಿನಿಂದ ಬೀರೂರಿನ ಮಾರ್ಗವಾಗಿ ಅಜ್ಜಂಪುರದತ್ತ ಹಬ್ಬಿರುವ ಬಯಲುಸೀಮೆಯು ಆಕಾಶವೀಕ್ಷಕರಿಗೆ ಪ್ರಕೃತಿಯು ಕೊಟ್ಟ ಕೊಡುಗೆಯೇ ಸರಿ. ಪಶ್ಚಿಮದ ಮಳೆಮೋಡಗಳನ್ನು ಬಾಬಾಬುಡನ್ ಗಿರಿಗಳು ಬಹುಮಟ್ಟಿಗೆ ತಡೆಯುವುದರಿಂದ ಇಲ್ಲಿ ಮಳೆ ಕಡಮೆ. ಚಳಿಗಾಲದ ಆಕಾಶ ತಿಳಿಯಾಗಿರುತ್ತದೆ. ಮಲೆನಾಡಿನ ಅಂಚಿನಲ್ಲಿರುವ ತರೀಕೆರೆಯೂ ಸೇರಿದಂತೆ ಈ ಊರುಗಳೆಲ್ಲ ಉತ್ತರ ಅಕ್ಷಾಂಶ ಹದಿಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿವೆ. ಆದುದರಿಂದ ಧ್ರುವನಕ್ಷತ್ರವು ಉತ್ತರ ದಿಗಂತಕ್ಕೆ ಸಮೀಪದಲ್ಲಿಯೇ ನಿಂತಿರುತ್ತದೆ. ದಕ್ಷಿಣದ ಅಗಸ್ತ್ಯನಕ್ಷತ್ರವಾದರೋ ಸುಮಾರು 24 ಡಿಗ್ರಿಗಳಷ್ಟು ಮೇಲೇರುತ್ತದೆ. ಇಂಗ್ಲೆಂಡಿನವರಿಗೆ ಎಂದಿಗೂ ಕಾಣಸಿಗದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛವನ್ನು ಬೇಸಗೆಯ ರಾತ್ರಿ ಇಲ್ಲಿಂದ ಬರಿಗಣ್ಣಿನಲ್ಲಿಯೇ ಗುರುತಿಸಬಹುದು.

ಹಿಂದೆ ವೀಕ್ಷಕನ ಕೈಯಲ್ಲಿ ಕಾಗದದ ನಕ್ಷತ್ರಪಟವಿರುತ್ತಿತ್ತು. ಈಗ ಆ ಸ್ಥಾನಕ್ಕೆ ಗಣಕಯಂತ್ರವು ಬಂದಿದೆ. ಯಾವ ತಾರೆ ಎಲ್ಲಿದೆಯೆಂಬುದನ್ನು ಅದು ಕ್ಷಣಮಾತ್ರದಲ್ಲಿ ತೋರಿಸಿಕೊಡುತ್ತದೆ. ಆದರೆ ಅದರ ಬೆಳ್ಳನೆಯ ತೆರೆಯನ್ನೊಮ್ಮೆ ನೋಡಿ ಕಣ್ಣನ್ನು ಮೇಲೆತ್ತಿದರೆ, ಆಗತಾನೇ ಕಂಡಿದ್ದ ಮಸುಕು ತಾರೆಗಳೆಲ್ಲ ಮಾಯವಾಗಿರುತ್ತವೆ! ಇದಕ್ಕೆ ಕಾರಣವೇನು? ಪರಿಹಾರವೇನು?

ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಗ್ರಾಹಕ ಕೋಶಗಳಿವೆ. ಶಂಕುಕೋಶಗಳು ಹಗಲಿನವು, ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಅರಿಯತಕ್ಕವು. ದಂಡಕೋಶಗಳು ರಾತ್ರಿಯವು, ಇವು ಬಣ್ಣವನ್ನರಿಯವು, ಆದರೆ ಅತಿ ಕ್ಷೀಣವಾದ ಬೆಳಕನ್ನೂ ಹಿಡಿಯಬಲ್ಲವು. ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಪ್ರಕಾಶಮಾನವಾದ ಬೆಳಕು ಬಿದ್ದೊಡನೆ ಅದು ಬಣ್ಣಗೆಡುತ್ತದೆ. ಮತ್ತೆ ಸಂಗ್ರಹವಾಗಲು ಕತ್ತಲೆಯಲ್ಲಿ ಸುಮಾರು ಅರ್ಧ ಗಂಟೆ ಬೇಕು. ಅಂದರೆ ಅರ್ಧ ಗಂಟೆಯ ತಾಳ್ಮೆಯಿಂದ ಗಳಿಸಿದ ದೃಷ್ಟಿಯನ್ನು ಬೆಳ್ಳನೆಯ ತೆರೆಯು ಕೆಲವೇ ಕ್ಷಣಗಳಲ್ಲಿ ಕೆಡಿಸಬಲ್ಲುದು.

ಆದರೆ ದಂಡಕೋಶಗಳು ಎಲ್ಲ ಬಣ್ಣಗಳಿಗೂ ಒಂದೇ ರೀತಿ ಸ್ಪಂದಿಸುವುದಿಲ್ಲ. 500 ನ್ಯಾನೋಮೀಟರ್ ತರಂಗದೂರದ ನೀಲಿಹಸಿರು ಬೆಳಕಿಗೆ ಅವುಗಳ ಸಂವೇದನೆ ಅತ್ಯಧಿಕ. 640 ನ್ಯಾನೋಮೀಟರಿನ ಕೆಂಪಿಗೆ ಅದರ ಐನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಶಂಕುಕೋಶಗಳಿಗಾದರೋ ಆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಆದುದರಿಂದ ತೆರೆಯಿಂದ ಮಂದವಾದ ಕೆಂಪು ಬೆಳಕು ಮಾತ್ರ ಹೊರಡುವಂತೆ ಮಾಡಿದರೆ ಪಟವನ್ನು ಓದಬಹುದು; ಇರುಳಿನ ದೃಷ್ಟಿಯೂ ಉಳಿಯುತ್ತದೆ.

ಬಣ್ಣದ ಹಾಳೆಯು ಬೆಳಕಿಗೆ ಬಣ್ಣವನ್ನು ಸೇರಿಸುತ್ತದೆಂದು ಅನೇಕರ ಭಾವನೆ. ಇದು ಸರಿಯಲ್ಲ. ಹಾಳೆಯು ಕಳೆಯುತ್ತದೆಯೇ ಹೊರತು ಕೂಡಿಸುವುದಿಲ್ಲ. ಇದಕ್ಕೆ ರೈಲ್ವೆಯಿಂದ ಒಂದು ನಿದರ್ಶನವನ್ನು ಕೊಡಬಹುದು. ಕಡೂರಿನಿಂದ ಬರುವ ರೈಲುದಾರಿಯು ಬೀರೂರಿನಲ್ಲಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುವುದಷ್ಟೆ. ರೈಲ್ವೆಯ ಕೈಮರಗಳಲ್ಲಿ ಸೀಮೆಎಣ್ಣೆಯ ದೀಪಗಳು ಉರಿಯುತ್ತಿದ್ದ ಕಾಲದಲ್ಲಿ, ಹಸಿರು ಸಿಗ್ನಲ್ಲಿಗೆ ಹಾಕುತ್ತಿದ್ದ ಗಾಜು ಹಗಲಿನಲ್ಲಿ ನೋಡಿದರೆ ನೀಲಿಯ ಛಾಯೆಯದಾಗಿರುತ್ತಿತ್ತು. ಸೀಮೆಎಣ್ಣೆಯ ಜ್ವಾಲೆಯು ಹಳದಿ. ಅದರಲ್ಲಿನ ಕೆಂಪು ಹಳದಿಗಳನ್ನು ಗಾಜು ಹೀರಿಕೊಂಡ ಮೇಲೆ ಉಳಿಯುತ್ತಿದ್ದುದು ಹಸಿರು. ಹಾಳೆಯ ಗುಣವನ್ನು ಅದರ ಬಣ್ಣವೊಂದರಿಂದಲೇ ಅಳೆಯಲಾಗದು, ಯಾವ ದೀಪದ ಮುಂದೆ ಅದನ್ನು ಹಿಡಿಯುತ್ತೇವೆಂಬುದನ್ನೂ ನೋಡಬೇಕು.

ಗಣಕಯಂತ್ರದ ತೆರೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಚುಕ್ಕೆಗಳಿಂದಲೇ ಎಲ್ಲ ವರ್ಣಗಳೂ ಮೂಡುತ್ತವೆ. ಹಾಗಿದ್ದರೆ ಹಸಿರು ನೀಲಿಗಳನ್ನು ಯಂತ್ರದ ಆದೇಶದಿಂದಲೇ ಆರಿಸಬಾರದೇಕೆ ಎಂದು ವಾಚಕರು ಕೇಳಬಹುದು. ಅನೇಕ ನಕ್ಷತ್ರಪಟಗಳಲ್ಲಿ ಆ ಅನುಕೂಲವಿದೆ. ಆದರೆ ದ್ರವಸ್ಫಟಿಕದ ತೆರೆಗಳ ಹಿಂದೆ ಬಿಳಿಯ ದೀಪವೊಂದು ಸದಾ ಉರಿಯುತ್ತಿರುತ್ತದೆ. ಚುಕ್ಕೆಗಳು ಮುಚ್ಚಿದಾಗಲೂ ಈ ಬೆಳಕು ಸ್ವಲ್ಪ ಸೋರುವುದರಿಂದ, ಹಗಲು ಕಪ್ಪಾಗಿ ಕಾಣುವ ತೆರೆಯು ಗಾಢ ಕತ್ತಲೆಯಲ್ಲಿ ಬೂದುಬಣ್ಣವಾಗಿ ಹೊಳೆಯುತ್ತದೆ. ಈ ಸೋರಿಕೆಯನ್ನು ತಡೆಯಲು ಹೊರಗಿನ ಹಾಳೆಯೇ ಬೇಕು.

ಅಂಥ ಹಾಳೆ ಎಲ್ಲಿ ದೊರೆಯುತ್ತದೆ? ಉಡುಗೊರೆಗಳಿಗೆ ಸುತ್ತುವ ಕೆಂಪು ಜಿಲೆಟಿನ್ ಕಾಗದವು ಸಣ್ಣ ಪೇಟೆಗಳಲ್ಲಿಯೂ ಸಿಗುತ್ತದೆ. ಒಂದೇ ಪದರವು ಸಾಲದು; ಆದರೆ ಇಲ್ಲಿ ಗುಣಾಕಾರವು ನಮಗೆ ನೆರವಾಗುತ್ತದೆ. ಒಂದು ಪದರವು ಹಸಿರಿನ ಹತ್ತರಲ್ಲೊಂದು ಪಾಲನ್ನು ಬಿಡುವುದಾದರೆ ಎರಡು ಪದರಗಳು ನೂರರಲ್ಲೊಂದನ್ನು, ಮೂರು ಪದರಗಳು ಸಾವಿರದಲ್ಲೊಂದನ್ನು ಮಾತ್ರ ಬಿಡುತ್ತವೆ. ಕೆಂಪಿನ ನೂರಕ್ಕೆ ತೊಂಬತ್ತು ಪಾಲು ಪ್ರತಿಪದರವನ್ನೂ ದಾಟುವುದಾದರೆ ಮೂರರ ಕೊನೆಗೂ ಎಪ್ಪತ್ತಮೂರು ಪಾಲು ಉಳಿಯುತ್ತದೆ. ನಾಟಕದ ದೀಪಗಳಿಗೆ ಹಾಕುವ ಬಣ್ಣದ ಹಾಳೆಯು ಇದಕ್ಕಿಂತ ಉತ್ತಮ; ರಂಗಭೂಮಿಗೆ ದೀಪಗಳನ್ನು ಬಾಡಿಗೆಗೆ ಕೊಡುವವರಲ್ಲಿ ವಿಚಾರಿಸಬಹುದು.

ಮೂರನೆಯದು ಮುದ್ರಣಕ್ಕೆ ಸಂಬಂಧಿಸಿದ ರೂಬಿಲಿತ್ ಎಂಬ ಕೆಂಪು ಪೊರೆ. ಮುದ್ರಣದ ಕೆಲವು ಫಿಲ್ಮುಗಳಿಗೆ ಕೆಂಪು ತಾಗುವುದಿಲ್ಲವಾದ್ದರಿಂದ, ಬೆಳಕು ಬೀಳಬಾರದ ಭಾಗಗಳನ್ನು ಇದರಿಂದ ಮರೆಮಾಡುತ್ತಿದ್ದರು. 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಗಣಕ ಬಿಲ್ಲೆಯ ವಿನ್ಯಾಸವನ್ನೂ ಇಂಥದೇ ಪೊರೆಯಲ್ಲಿ ಕತ್ತರಿಸಿ ಸಿದ್ಧಪಡಿಸಿದ್ದರು. ಗಣಕಯಂತ್ರದ ಹುಟ್ಟಿಗೆ ನೆರವಾದ ಹಾಳೆಯೇ ಈಗ ಅದರ ಮುಖಕ್ಕೆ ಮುಸುಕಾಗಿದೆ!

ತಂದ ಹಾಳೆಯನ್ನು ಪರೀಕ್ಷಿಸುವುದು ಸುಲಭ. ಕತ್ತಲೆಯ ಕೋಣೆಯಲ್ಲಿ ತೆರೆಯ ಮೇಲೆ ಕಿರಿದಾದ ಬಿಳಿಪಟ್ಟಿಯೊಂದನ್ನು ಮೂಡಿಸಿ, ಹಳೆಯ ಸಿ.ಡಿ. ಬಿಲ್ಲೆಯನ್ನು ಓರೆಯಾಗಿ ಹಿಡಿದು ಅದರ ಪ್ರತಿಫಲನವನ್ನು ನೋಡಬೇಕು. ಬಿಳಿಯ ಬೆಳಕು ಬಣ್ಣಗಳಾಗಿ ಒಡೆಯುತ್ತದೆ. ಪಟ್ಟಿಯ ಮೇಲೆ ಹಾಳೆಯನ್ನು ಹೊದಿಸಿದಾಗ ಕೆಂಪೊಂದೇ ಉಳಿದರೆ ಹಾಳೆ ಯೋಗ್ಯವಾದುದು. ಹಸಿರಾಗಲಿ ನೀಲಿಯಾಗಲಿ ಉಳಿದರೆ ಇನ್ನೊಂದು ಪದರವನ್ನು ಸೇರಿಸಬೇಕು. ಬಣ್ಣದ ಶೋಧಕಗಳು ಮಕ್ಕಳಾಟವೆಂದು ಯಾರೂ ಭಾವಿಸದಿರಲಿ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ನೇರಿಳೆ ಶೋಧಕದಿಂದ ಸೋಸಿದ ಬಿಸಿಲನ್ನು ದ್ರವದೊಳಕ್ಕೆ ಹಾಯಿಸಿ, ಚದರಿದ ಬೆಳಕನ್ನು ಪೂರಕ ಬಣ್ಣದ ಇನ್ನೊಂದು ಶೋಧಕದ ಮೂಲಕ ನೋಡಿದರು. ಕತ್ತಲೆಯಿರಬೇಕಾದಲ್ಲಿ ಬೆಳಕು ಕಂಡಿತು. ಜಗತ್ಪ್ರಸಿದ್ಧವಾದ ರಾಮನ್ ಪರಿಣಾಮವು ಬೆಳಕಿಗೆ ಬಂದುದು ಹೀಗೆಯೇ.

ಹಾಳೆಯನ್ನು ತೆರೆಗಿಂತ ಒಂದಂಗುಲ ದೊಡ್ಡದಾಗಿ ಕತ್ತರಿಸಿ ರಟ್ಟಿನ ಚೌಕಟ್ಟಿಗೆ ಅಂಟಿಸಿ ತೂಗಹಾಕಬೇಕು, ತೆರೆಗೇ ಅಂಟಿಸಕೂಡದು. ಗಾಳಿಯಾಡುವ ರಂಧ್ರಗಳನ್ನು ಮುಚ್ಚಬಾರದು. ಹಾಳೆಯಿದ್ದರೂ ತೆರೆಯ ಪ್ರಕಾಶವನ್ನು ಓದಲು ಸಾಕಾಗುವಷ್ಟಕ್ಕೆ ಇಳಿಸಲೇಬೇಕು.

ಇದೇ ಹಾಳೆಯು ಹಗಲಿನ ಕಣ್ಣುರಿಗೂ ಮದ್ದಾದೀತೆಂದು ಎಣಿಸಬಾರದು. ತೆರೆಯನ್ನು ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 22 ಬಾರಿ ಬಡಿಯುವ ರೆಪ್ಪೆ ಗಣಕದ ಮುಂದೆ 7 ಬಾರಿ ಮಾತ್ರ ಬಡಿಯುತ್ತಿತ್ತೆಂದು 1993ರಲ್ಲಿ ಜಪಾನಿನ ವೈದ್ಯರು ವರದಿ ಮಾಡಿದರು. ಅಂಥ ಕಣ್ಣಿಗೆ ಬೇಕಾದುದು ಹಾಳೆಯಲ್ಲ, ಬಿಡುವು.

ಕೊನೆಯದಾಗಿ ಒಂದು ಎಚ್ಚರಿಕೆ. 2027ರ ಆಗಸ್ಟ್ 2ರಂದು ನಮ್ಮ ನಾಡಿನಲ್ಲಿ ಪಾರ್ಶ್ವ ಸೂರ್ಯಗ್ರಹಣವು ಕಾಣಲಿದೆ. ಈ ಕೆಂಪು ಹಾಳೆಗಳ ಮೂಲಕ, ಎಷ್ಟೇ ಪದರಗಳಿರಲಿ, ಸೂರ್ಯನನ್ನು ಎಂದಿಗೂ ನೋಡಕೂಡದು. ಇವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಬಿಡುತ್ತವೆ. ಅಕ್ಷಿಪಟಲವು ನೋವಿಲ್ಲದೆಯೇ ಸುಟ್ಟುಹೋಗಬಹುದು. ಹಗಲಿನ ಸೂರ್ಯನಿಗೆ ಅದಕ್ಕೆಂದೇ ತಯಾರಾದ ಶೋಧಕ. ಇರುಳಿನ ತಾರೆಗಳಿಗೆ ಈ ಅಗ್ಗದ ಹಾಳೆ. ಸುಮಾರು 25 ಲಕ್ಷ ವರ್ಷ ಪಯಣಿಸಿ ಬಂದ ದೇವಯಾನಿ ಗೆಲಕ್ಸಿಯ ಮಸುಕು ಬೆಳಕು ಅಜ್ಜಂಪುರದ ಬಯಲಿನಲ್ಲಿ ನಿಂತವನ ಕಣ್ಣನ್ನು ಮುಟ್ಟಬೇಕಾದರೆ, ಆತನು ಕೊನೆಯ ಅರ್ಧ ಗಂಟೆಯ ಕತ್ತಲೆಯನ್ನು ಕಾಪಾಡಿಕೊಂಡರೆ ಸಾಕು.