ಚೌಕ, ಮುಕ್ಕೋನ, ವೃತ್ತ: ಒಬ್ಬ ಚಿತ್ರಕರ್ತ್ರಿಯ ಶಿಶುಶಿಕ್ಷಣ

ಚಿತ್ರ ಬರೆಯುವದು ವಿರಾಮಕಾಲದ ವಿನೋದವೆಂದು ನಮ್ಮಲ್ಲಿ ಅನೇಕರು ಎಣಿಸುವರು. ರೇಖಾಗಣಿತವಾದರೋ ಮೇಲಿನ ತರಗತಿಗಳ ಕಠಿಣ ವಿಷಯವೆಂದು ಅಂಜುವರು. ಇವೆರಡೂ ಕೂಡಿ ಶಿಶುವಿನ ಮೊದಲನೆಯ ಪಾಠವಾಗಬಲ್ಲವೆಂದರೆ ವಿಚಿತ್ರವಾಗಿ ತೋರಬಹುದು. ಆದರೆ ಕೊಣ್ಣೂರಿನ ಯಾವ ಓಣಿಯಲ್ಲಾದರೂ ನಸುಕಿನಲ್ಲಿ ನಡೆದು ನೋಡಿದರೆ ಇದರ ಮರ್ಮವು ತಿಳಿಯುವದು. ಸಾರಿಸಿದ ಅಂಗಳದಲ್ಲಿ ಗೃಹಿಣಿಯು ಮೊದಲು ಚುಕ್ಕಿಗಳನ್ನು ಸಾಲಾಗಿ ಇಡುವಳು, ಅನಂತರ ಅವುಗಳನ್ನು ಎಳೆಗಳಿಂದ ಕೂಡಿಸುವಳು. ಮಗ್ಗುಲಲ್ಲಿ ಕುಳಿತ ಕೂಸು ಎಣಿಕೆಯನ್ನೂ ಸರಿಸಮತೆಯನ್ನೂ ಅವುಗಳ ಹೆಸರು ತಿಳಿಯದೆಯೇ ಕಲಿಯುವದು. ಹಳೆಯ ಸೀರೆಯ ತುಂಡುಗಳನ್ನು ಚೌಕವಾಗಿಯೂ ಮುಕ್ಕೋನವಾಗಿಯೂ ಕತ್ತರಿಸಿ ಕೌದಿ ಹೊಲಿಯುವ ಅಜ್ಜಿಯೂ ಇದೇ ಪಾಠವನ್ನು ಹೇಳಿಕೊಡುವಳು. ನಮ್ಮ ಮನೆಗಳಲ್ಲಿ ರೂಢಿಯಿಂದ ನಡೆದುಬಂದ ಈ ಸಂಗತಿಯನ್ನು ಯುರೋಪ ಖಂಡದಲ್ಲಿ ಕೆಲವರು ಶಾಸ್ತ್ರದ ದೃಷ್ಟಿಯಿಂದ ವಿಚಾರಿಸಿದರು. ಅವರೊಳಗೆ ಫ್ರೀಡಲ್ ಡಿಕರ್ ಎಂಬ ಚಿತ್ರಕರ್ತ್ರಿಯ ಚರಿತ್ರವು ತಾಯಂದಿರೆಲ್ಲರೂ ಅರಿಯತಕ್ಕದ್ದಾಗಿದೆ.

ಈ ವಿಚಾರದ ಬೇರು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನಲ್ಲಿದೆ. 1782ರಲ್ಲಿ ಹುಟ್ಟಿದ ಈತನು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂಬ ಹೆಸರನ್ನಿಟ್ಟನು. ಮಕ್ಕಳ ಕೈಗೆ ಅವನು ಪುಸ್ತಕಕ್ಕಿಂತ ಮೊದಲು ಆಕಾರಗಳನ್ನು ಕೊಟ್ಟನು. ಮೊದಲು ಬಣ್ಣದ ಉಣ್ಣೆಯ ಆರು ಚೆಂಡುಗಳು. ಬಳಿಕ ಕಟ್ಟಿಗೆಯ ಗುಂಡು, ಉರುಳೆ ಮತ್ತು ಘನ. ಆಮೇಲೆ ಎಂಟು ಚಿಕ್ಕ ಘನಗಳಾಗಿ ಬಿಡಿಸಲು ಬರುವ ಒಂದು ದೊಡ್ಡ ಘನ. ಒಂದನ್ನು ಬಿಡಿಸಿ ಎಂಟಾಗಿಸಿ, ಎಂಟನ್ನು ಕೂಡಿಸಿ ಮರಳಿ ಒಂದಾಗಿಸುವ ಮಗುವಿಗೆ ಇಡಿಗೂ ಬಿಡಿಗೂ ಇರುವ ಸಂಬಂಧವು ಬೆರಳಿನ ಮೂಲಕವೇ ತಿಳಿಯುತ್ತಿತ್ತು.

ಫ್ರೋಬೆಲನ ಈ ಪದ್ಧತಿಯನ್ನು ಚಿತ್ರಕಲೆಗೆ ತಂದವರಲ್ಲಿ ಯೋಹಾನೆಸ್ ಇಟೆನ್ ಮುಖ್ಯನು. 1888ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಜನಿಸಿದ ಈತನು ಮೊದಲು ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದನು. ಅನಂತರ ಚಿತ್ರಕಾರನಾಗಿ, ವಿಯೆನ್ನಾ ನಗರದಲ್ಲಿ ತನ್ನದೊಂದು ಕಲಾಶಾಲೆಯನ್ನು ನಡಿಸಿ, 1919ರಲ್ಲಿ ವಾಯ್ಮಾರ್ ಪಟ್ಟಣದ ‘ಬೌಹೌಸ್’ ಎಂಬ ಹೊಸ ಕಲಾಶಾಲೆಯನ್ನು ಸೇರಿದನು. ಚೌಕ, ಮುಕ್ಕೋನ, ವೃತ್ತಗಳೆಂಬ ಮೂರು ಆಕಾರಗಳೇ ಅವನ ಪಾಠದ ಅಡಿಗಲ್ಲು. ಇವುಗಳನ್ನು ನೋಡಿ ನಕಲು ಮಾಡಿದರೆ ಸಾಲದು, ಮೈಯ ಚಲನೆಯಿಂದಲೇ ಅನುಭವಿಸಬೇಕೆಂಬುದು ಅವನ ಮತವಾಗಿತ್ತು. ನಯ–ಒರಟು, ಕಪ್ಪು–ಬಿಳುಪು ಮೊದಲಾದ ವಿರುದ್ಧ ಗುಣಗಳನ್ನು ಮುಟ್ಟಿ ನೋಡಿ ಬರೆಯುವದನ್ನೂ ಅವನು ಕಲಿಸಿದನು. 1922ನೆಯ ಡಿಸೆಂಬರದಲ್ಲಿ ಕಲಕತ್ತೆಯಲ್ಲಿ ನೆರೆದ ಪ್ರದರ್ಶನದ ಮೂಲಕ ಈ ಶಾಲೆಯವರ ಚಿತ್ರಗಳನ್ನು ನಮ್ಮ ದೇಶದ ಜನರೂ ಕಂಡಿದ್ದರು.

ಫ್ರೀಡಲ್ ಡಿಕರ್ ಈ ಇಟೆನ್ನನ ಶಿಷ್ಯೆ. 1898ರಲ್ಲಿ ವಿಯೆನ್ನಾದ ಒಂದು ಬಡ ಯೆಹೂದಿ ಮನೆತನದಲ್ಲಿ ಹುಟ್ಟಿದ ಈಕೆಯು ಎಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡಳು. ತಂದೆಯು ಕಾಗದ–ಲೇಖನಿಗಳನ್ನು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದನು. ಗುರುವಿನ ಬೆನ್ನಹಿಂದೆ ವಾಯ್ಮಾರಿಗೆ ಹೋಗಿ 1923ರ ವರೆಗೆ ಅಲ್ಲಿ ಕಲಿತು, ಬಳಿಕ ಫ್ರಾಂಜ್ ಸಿಂಗರ್ ಎಂಬವನೊಡನೆ ಕೂಡಿ ಮನೆಗಳಿಗೂ ಶಾಲೆಗಳಿಗೂ ಸಾಮಾನುಗಳನ್ನು ರೂಪಿಸತೊಡಗಿದಳು. 1930ರ ಸುಮಾರಿಗೆ ವಿಯೆನ್ನಾ ನಗರಸಭೆಯವರು ‘ಗೋಥೆಹೋಫ್’ ಎಂಬ ವಸತಿಯಲ್ಲಿ ಮಾಂಟೆಸೋರಿ ಪದ್ಧತಿಯ ಶಿಶುವಿಹಾರವನ್ನು ಕಟ್ಟಿಸಿದಾಗ, ಅದರ ಒಳಾಂಗಣವನ್ನು ಈ ಇಬ್ಬರೇ ಸಿದ್ಧಪಡಿಸಿದರು. ಅಲ್ಲಿಯ ಪೀಠೋಪಕರಣಗಳು ಒಂದರ ಮೇಲೊಂದು ಹೊಂದಿಕೊಳ್ಳುವಂತೆ ಮಾಡಿದವುಗಳು. ಫ್ರೋಬೆಲನು ಮಗುವಿನ ಕೈಗೆ ಕೊಟ್ಟ ಘನಗಳೇ ಇಲ್ಲಿ ಬೆಳೆದು ಮಗು ಬಾಳುವ ಕೋಣೆಯಾದವೆಂದು ಹೇಳಬಹುದು. ಶಿಶುವಿಹಾರದ ಶಿಕ್ಷಕಿಯರಿಗೂ ಈಕೆಯು ಚಿತ್ರಕಲೆಯನ್ನು ಬೋಧಿಸಿದಳು.

ಮುಂದೆ ಕಾಲವು ಕೆಟ್ಟಿತು. 1934ರಲ್ಲಿ ರಾಜಕೀಯ ಕಾರಣದಿಂದ ಸೆರೆಯಾಗಿ, ಬಿಡುಗಡೆಯಾದ ಮೇಲೆ ಪ್ರಾಗ್ ನಗರವನ್ನು ಸೇರಿದಳು. 1936ರಲ್ಲಿ ಪಾವೆಲ್ ಬ್ರಾಂಡೈಸ್ ಎಂಬವನನ್ನು ಮದುವೆಯಾದಳು. 1942ನೆಯ ಡಿಸೆಂಬರದಲ್ಲಿ ನಾಜಿಗಳು ದಂಪತಿಗಳನ್ನು ತೆರೆಜಿನ್ ಎಂಬ ಕೋಟೆಯೂರಿನಲ್ಲಿ ಕೂಡಿಹಾಕಿದರು. ಜೊತೆಗೆ ಒಯ್ಯಲು ಅಪ್ಪಣೆಯಿದ್ದ ಸ್ವಲ್ಪ ಹೊರೆಯಲ್ಲಿ ಈಕೆಯು ಕಾಗದವನ್ನೂ ಬಣ್ಣಗಳನ್ನೂ ತುಂಬಿಕೊಂಡಳು. ತಾಯಿತಂದೆಗಳಿಂದ ಬೇರ್ಪಟ್ಟು, ಹಸಿವೆಯಿಂದಲೂ ಅಂಜಿಕೆಯಿಂದಲೂ ಬಳಲುತ್ತಿದ್ದ ಮಕ್ಕಳಿಗೆ ಅಲ್ಲಿ ಗುಪ್ತವಾಗಿ ಚಿತ್ರದ ಪಾಠಗಳನ್ನು ಆರಂಭಿಸಿದಳು.

ಆ ಪಾಠಗಳ ರೀತಿಯು ಗಮನಾರ್ಹವಾದದ್ದು. ಮೊದಲು ತಾಳಕ್ಕೆ ಸರಿಯಾಗಿ ಕೈಯಾಡಿಸಿ ಗೆರೆ, ಸುರುಳಿ, ವೃತ್ತಗಳನ್ನು ಎಳೆಯುವದು. ಇದರಿಂದ ನಡುಗುವ ಕೈಯು ಸ್ಥಿಮಿತಕ್ಕೆ ಬರುವದು. ಬಳಿಕ ಕಚೇರಿಯಲ್ಲಿ ಬರೆದು ಬಿಸಾಡಿದ ಕಾಗದಗಳನ್ನು ಹರಿದು, ಕತ್ತರಿಸಿ, ಆಕಾರಗಳನ್ನು ಜೋಡಿಸಿ ಅಂಟಿಸುವದು. ಇದು ನಮ್ಮ ಕೌದಿಯ ಕೆಲಸವೇ ಸರಿ. ಅನಂತರವೇ ಮನಸ್ಸಿಗೆ ಬಂದುದನ್ನು ಬರೆಯುವದು. ಮಕ್ಕಳು ತಮ್ಮ ಚಿತ್ರಗಳ ಮೇಲೆ ತಮ್ಮ ಹೆಸರನ್ನು ಬರೆಯಬೇಕೆಂದೂ ಆಕೆ ಹೇಳುತ್ತಿದ್ದಳು. ಮನುಷ್ಯರನ್ನು ಸಂಖ್ಯೆಗಳಿಂದ ಗುರುತಿಸುತ್ತಿದ್ದ ಆ ಸ್ಥಳದಲ್ಲಿ ಹೆಸರಿಗೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ಊಹಿಸಬೇಕು. 1943ರಲ್ಲಿ ಮಕ್ಕಳ ಚಿತ್ರಗಳನ್ನು ಕುರಿತು ಅಲ್ಲಿಯೇ ಒಂದು ಉಪನ್ಯಾಸವನ್ನೂ ಸಿದ್ಧಪಡಿಸಿದಳು. ಮಕ್ಕಳನ್ನೆಲ್ಲ ಚಿತ್ರಕಾರರನ್ನಾಗಿ ಮಾಡುವದು ಈ ಪಾಠಗಳ ಉದ್ದೇಶವಲ್ಲ, ಅವರೊಳಗಿನ ಸ್ವತಂತ್ರ ಶಕ್ತಿಯನ್ನು ಎಚ್ಚರಿಸುವದೇ ಉದ್ದೇಶ. ಹಿರಿಯರು ಅವಸರದಿಂದ ತಮ್ಮ ಮಾರ್ಗವನ್ನು ಹೇರಿದರೆ ಆ ಶಕ್ತಿಯು ಕುಂದುವದು ಎಂಬುದೇ ಅದರ ಸಾರವಾಗಿತ್ತು.

1944ನೆಯ ಸಪ್ಟೆಂಬರದಲ್ಲಿ ಗಂಡನನ್ನು ಬೇರೆಡೆಗೆ ಸಾಗಿಸಲು, ಈಕೆಯು ತಾನಾಗಿಯೇ ಮುಂದಿನ ಬಂಡಿಯಲ್ಲಿ ಹೊರಟಳು. ಅಕ್ಟೋಬರದಲ್ಲಿ ಆಶ್ವಿಟ್ಜ್ ಎಂಬಲ್ಲಿ ಆಕೆಯನ್ನು ಕೊಂದರು. ಗಂಡನು ಬದುಕಿ ಉಳಿದನು. ಆಕೆಯ ಶಿಷ್ಯರಲ್ಲಿ ಬಹುಪಾಲು ಮಕ್ಕಳೂ ಅದೇ ಗತಿಯನ್ನು ಹೊಂದಿದರು. ಹೊರಡುವ ಮುಂಚೆ ಎರಡು ಪೆಟ್ಟಿಗೆಗಳಲ್ಲಿ ಅಡಗಿಸಿಟ್ಟ ಸುಮಾರು 4,500 ಚಿತ್ರಗಳು ಮಾತ್ರ ಉಳಿದವು. ಇಂದು ಅವು ಪ್ರಾಗಿನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಪ್ರಾಗಿನಲ್ಲಿ ಆಕೆಯ ಬಳಿ ಕಲಿತಿದ್ದ ಎಡಿತ್ ಕ್ರಾಮರ್ ಅಮೆರಿಕಕ್ಕೆ ಹೋಗಿ, ನೊಂದ ಮಕ್ಕಳ ಮನಸ್ಸನ್ನು ಚಿತ್ರಕಲೆಯ ಮೂಲಕ ಸಂತೈಸುವ ವಿದ್ಯೆಯನ್ನು ಬೆಳೆಸಿದಳು.

ಈ ಚರಿತ್ರದಿಂದ ನಾವು ಗ್ರಹಿಸತಕ್ಕದ್ದೇನು? ಆಕಾರವೆಂಬುದು ಮಗುವಿನ ಮನಸ್ಸಿಗೆ ಆಸರೆಯಾಗಬೇಕು, ಬೇಲಿಯಾಗಬಾರದು. ತಿದ್ದಿದ ಮಾದರಿಯನ್ನು ಮುಂದಿಟ್ಟು ‘ಹೀಗೆಯೇ ಬರೆ’ ಎಂದರೆ ಅದು ಬೇಲಿ. ಚುಕ್ಕಿಗಳನ್ನಿಟ್ಟುಕೊಟ್ಟು ‘ನೀನೇ ಕೂಡಿಸು’ ಎಂದರೆ ಅದು ಆಸರೆ. ಇದಕ್ಕೆ ಬೆಲೆಯುಳ್ಳ ಸಾಧನಗಳೇನೂ ಬೇಡ. ಹಿಡಿ ರಂಗೋಲಿಯ ಪುಡಿ, ನಾಲ್ಕು ಬಟ್ಟೆಯ ಚೂರು, ಹೊಲದ ಎರೆಮಣ್ಣು ಇವಿದ್ದರೆ ಸಾಕು. ಗೆರೆಯು ಸೊಟ್ಟಾದರೆ ತಾಯಿಯು ಕೂಸಿನ ಕೈ ಹಿಡಿದು ತಿದ್ದಲು ಆತುರಪಡದಿರಲಿ. ಏನನ್ನು ಬರೆದೆಯೆಂದು ಕೇಳಿ ಕಿವಿಗೊಡಲಿ. ನಮ್ಮ ಶಾಲೆಯಲ್ಲಿ ಕಲಿತು ಇಂದು ಮಕ್ಕಳ ತಾಯಂದಿರಾಗಿರುವ ಸೋದರಿಯರು ನಾಳೆ ಮುಂಜಾನೆ ಅಂಗಳದ ಒಂದು ಮೂಲೆಯನ್ನು ತಮ್ಮ ಚಿಕ್ಕವರಿಗೆ ಬಿಟ್ಟುಕೊಟ್ಟರೆ ಈ ಲೇಖನವು ಸಾರ್ಥಕವಾಯಿತು.