ಮಗುವಿನ ಅಂಗಿಗೆ ಹೊಣೆ ಯಾರು?

ಗೌರಿ-ಗಣೇಶ ಹಬ್ಬಕ್ಕೆ ಇನ್ನೂ ಹದಿನೈದು ದಿನಗಳಿರುವಾಗಲೇ ಬೆಂಗಳೂರಿನ ಪಶ್ಚಿಮಕ್ಕಿರುವ ಅನ್ನಪೂರ್ಣೇಶ್ವರಿ ನಗರದ ಬಟ್ಟೆ ಅಂಗಡಿಗಳ ಮುಂದೆ ಪುಟ್ಟ ಫ್ರಾಕುಗಳು ಸಾಲುಸಾಲಾಗಿ ತೂಗಾಡತೊಡಗುತ್ತವೆ. ಒಂದಕ್ಕೆ ಭುಜವೇ ಇಲ್ಲ; ಇನ್ನೊಂದರ ಬೆನ್ನೆಲ್ಲ ಬರಿಯ ಜಾಲರಿ; ಮತ್ತೊಂದನ್ನು ನೋಡಿದರೆ ಸಿನಿಮಾದ ನರ್ತಕಿಯ ಪೋಷಾಕೇ ಒಗೆತಕ್ಕೆ ಕುಗ್ಗಿ ಐದು ವರ್ಷದ ಮಗುವಿನ ಅಳತೆಗೆ ಇಳಿದುಬಿಟ್ಟಿತೋ ಎನ್ನಿಸುತ್ತದೆ. ದಾರಿಯಲ್ಲಿ ಹೋಗುವ ಹಿರಿಯರು ತಲೆಯೆತ್ತಿ ನೋಡಿ, “ಎಂಥೆಂಥವನ್ನು ಮಾರುತ್ತಾರಪ್ಪಾ!” ಎಂದು ನಿಟ್ಟುಸಿರುಬಿಟ್ಟು ಮುಂದೆ ನಡೆಯುತ್ತಾರೆ. ಒಳಗೆ ಹೋಗಿ ಅಂಗಡಿಯವರನ್ನು ವಿಚಾರಿಸಿದರೆ, “ಕೇಳುವವರಿದ್ದಾರೆ, ತರಿಸುತ್ತೇವೆ ಸಾರ್. ನಾವೇನು ಕೂತು ಹೊಲಿಯುತ್ತೇವೆಯೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೊಳ್ಳಲು ಬಂದ ತಾಯಿಯೋ, “ಬೇರೆ ಎಲ್ಲಿದೆ ಹೇಳಿ? ಇರುವುದರಲ್ಲೇ ಆರಿಸಬೇಕಲ್ಲ!” ಎನ್ನುತ್ತಾರೆ. ಹೀಗೆ ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುತ್ತಿರುವಾಗ, ನಡುವೆ ನಿಂತ ಮಗು ಚಮಕಿಯ ಅಂಚು ಚುಚ್ಚಿದ ಕತ್ತನ್ನು ತುರಿಸಿಕೊಳ್ಳುತ್ತಿರುತ್ತದೆ.

ತಕ್ಕುದಲ್ಲದ ಉಡುಪು ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಈ ಮಾತು ಬಂದೊಡನೆ ಚರ್ಚೆ ಹೆಣ್ಣುಮಗುವಿನ ಮೊಳಕಾಲಿಗೆ ಬಂದು ನಿಲ್ಲುವುದು ನಮ್ಮಲ್ಲಿ ವಾಡಿಕೆ. ಐದು ವರ್ಷದ ಮಗುವಿನ ಮೊಳಕಾಲಿನಲ್ಲಿ ಯಾವ ಅಸಭ್ಯತೆಯೂ ಇಲ್ಲ. ಅದನ್ನು ಕಾಣುವವನ ಕಣ್ಣಿನಲ್ಲಿ ದೋಷವಿದ್ದರೆ ಅದಕ್ಕೆ ಮದ್ದು ಮಗುವಿನ ಲಂಗದ ಉದ್ದವಲ್ಲ. ನನ್ನ ಆಕ್ಷೇಪಣೆ ಬೇರೆ. ಯಾವ ಉಡುಪನ್ನು ತೊಟ್ಟ ಮಗು ಓಡಲಾರದೋ, ಕುಕ್ಕರಗಾಲಿನಲ್ಲಿ ಕೂರಲಾರದೋ, ಮಣ್ಣಿನಲ್ಲಿ ಆಡಲು ಹೆದರುತ್ತದೆಯೋ, ಯಾವುದು ಮಗುವನ್ನು ಪುಟ್ಟದೊಂದು ಹೆಂಗಸಿನಂತೆಯೋ ಗಂಡಸಿನಂತೆಯೋ ನಡೆಯಿಸುತ್ತದೆಯೋ, ಅದು ತಕ್ಕ ಉಡುಪಲ್ಲ. ಈ ಲೆಕ್ಕದಲ್ಲಿ ವೈಶಾಖದ ಮದುವೆಯ ಚಪ್ಪರದಲ್ಲಿ ಕೋಟು, ಕಂಠಕೌಪೀನ ಬಿಗಿದುಕೊಂಡು ಬೆವರುತ್ತ ನಿಂತ ಮೂರು ವರ್ಷದ ಗಂಡುಮಗುವೂ ನಮ್ಮ ಕನಿಕರಕ್ಕೆ ಪಾತ್ರನೇ.

ಮಗುವಿನ ಬಟ್ಟೆಯ ಆಕಾರವನ್ನು ಒಂದು ಕಾಲಕ್ಕೆ ಮನೆಯೇ ಗೊತ್ತುಮಾಡುತ್ತಿದ್ದಿತು. ಜವಳಿ ಅಂಗಡಿಯಲ್ಲಿ ಒಂದೇ ತಾನಿನಿಂದ ಬಟ್ಟೆ ಹರಿಸಿ ತಂದು, ದರ್ಜಿಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವರು. “ಬೆಳೆಯುವ ಮಗು, ಕೊಂಚ ದೊಡ್ಡದಾಗಿಯೇ ಇರಲಿ” ಎಂಬುದು ಎಲ್ಲ ತಾಯಂದಿರ ಆಜ್ಞೆ. ಲಂಗದ ಅಂಚಿನ ಮೇಲೆ ಎರಡು ಮೂರು ಮಡಿಕೆಗಳನ್ನು ಕೂರಿಸಿ ಹೊಲಿಸಿ, ಮಗು ಎತ್ತರವಾದಂತೆಲ್ಲ ಒಂದೊಂದನ್ನೇ ಬಿಚ್ಚುವರು. ಬಿಚ್ಚಿದ ಕಡೆ ಬಣ್ಣ ಮಾಸದ ಪಟ್ಟಿಯೊಂದು ಕಾಣುವುದು. ಆ ಪಟ್ಟಿಗಳನ್ನೆಣಿಸಿ ಲಂಗದ ವಯಸ್ಸು ಹೇಳಬಹುದಾಗಿತ್ತು. ಇದನ್ನು ಸುವರ್ಣಯುಗವೆಂದು ನಾನು ಹೊಗಳಲಾರೆ. ವರ್ಷಕ್ಕೆ ಒಂದೋ ಎರಡೋ ಜೊತೆ ಬಟ್ಟೆ, ಅಕ್ಕನದು ತಂಗಿಗೆ, ಅಣ್ಣನದು ತಮ್ಮನಿಗೆ. ಮಗುವಿನ ಇಷ್ಟವನ್ನು ಕೇಳಿದವರೇ ಇಲ್ಲ. ಆದರೆ ಕತ್ತು ಎಷ್ಟು ಇಳಿಯಬೇಕು, ತೋಳು ಎಲ್ಲಿಗೆ ಬರಬೇಕು ಎಂಬುದನ್ನು ನಿರ್ಧರಿಸುವಾಗ ತಾಯಿ ದರ್ಜಿಯ ಎದುರಿಗೆ ನಿಂತಿರುತ್ತಿದ್ದಳು. ಹೊಣೆ ಯಾರದೆಂಬ ಪ್ರಶ್ನೆ ಆಗ ಹುಟ್ಟಲು ಎಡೆಯೇ ಇರಲಿಲ್ಲ.

ಸಿದ್ಧ ಉಡುಪು ಬಂದಮೇಲೆ ಆ ನಿರ್ಧಾರ ಮನೆಯನ್ನು ಬಿಟ್ಟು ಹೊರಟಿತು. ಅದು ಬೀದಿಯ ಅಂಗಡಿಗೆ ಬಂದು ಸೇರಿತೆಂದು ನಾವು ಭಾವಿಸುತ್ತೇವೆ, ಹಾಗಾಗಲಿಲ್ಲ. ಸಣ್ಣ ಅಂಗಡಿಯವರು ಹಬ್ಬಕ್ಕೆ ಬಹಳ ಮುಂಚೆಯೇ ಸಗಟು ವ್ಯಾಪಾರಿಯ ಬಳಿ ಮಾಲು ಹಿಡಿಯಬೇಕು. ಅವರಿಗಿರುವ ಒಂದೇ ಮಾರ್ಗದರ್ಶಿ ಹೋದ ಹಬ್ಬದ ಮಾರಾಟ. ಯಾವುದು ಮಾರಿಹೋಯಿತೋ ಅದರಂಥದೇ ಇನ್ನಷ್ಟು ಬರುತ್ತದೆ. ಯಾವುದು ಉಳಿಯಿತೋ ಅದು ಮತ್ತೆ ಬರುವುದಿಲ್ಲ. ಬಿಳಿಯ ಹತ್ತಿಯ ಸಾದಾ ಫ್ರಾಕನ್ನು ನಾಲ್ಕು ಜನ ಮೆಚ್ಚಿ ಮುಟ್ಟಿ ನೋಡಿ, “ಹಬ್ಬಕ್ಕೆ ಇಷ್ಟು ಸಪ್ಪೆಯಾದರೆ ಹೇಗೆ?” ಎಂದು ಕೆಳಗಿಟ್ಟರೆ, ಅಂಗಡಿಯವರ ಲೆಕ್ಕದ ಪುಸ್ತಕದಲ್ಲಿ ಅವರ ಮೆಚ್ಚುಗೆಗೆ ಕಾಲಮಿಲ್ಲ. ಬಾಡಿಗೆ, ವಿದ್ಯುತ್ತು, ಕೆಲಸದ ಹುಡುಗಿಯ ಸಂಬಳ ಎಲ್ಲವೂ ಮಾರಿಹೋದ ಬಟ್ಟೆಯಿಂದಲೇ ಏಳಬೇಕು. ಅವರನ್ನು ದುಷ್ಟರೆಂದು ಕರೆಯಲು ನನಗೆ ಮನಸ್ಸಿಲ್ಲ.

ಹಾಗೆಂದು “ಅಂಗಡಿಯಲ್ಲಿ ಬೇರೆ ಸಿಗುವುದಿಲ್ಲ” ಎಂಬ ತಾಯಿತಂದೆಗಳ ಮಾತನ್ನು ಪೂರ್ತಿಯಾಗಿ ಒಪ್ಪುವುದೂ ಕಷ್ಟ. ಶಾಲೆ ತೆರೆಯುವ ಕಾಲದಲ್ಲಿ ಇದೇ ಬಡಾವಣೆಯ ಅಂಗಡಿಗಳನ್ನು ನೋಡಿ. ಇಂಥ ಶಾಲೆಗೆ ಇಂಥದೇ ನೀಲಿ, ಇಷ್ಟೇ ಅಗಲದ ಚೌಕಳಿ, ಮೊಳಕಾಲು ಮುಟ್ಟುವ ಲಂಗ, ಅದರೊಳಗೆ ಚಡ್ಡಿ, ಗಟ್ಟಿ ಗುಂಡಿಯ ಅಂಗಿ ಎಂದು ಹೇಳಿದರೆ ಅಂಗಡಿಯವರು ಒಂದು ದಾರವೂ ತಪ್ಪದಂತೆ ತಂದು ಪೇರಿಸುತ್ತಾರೆ. ಏಕೆ? ಮುನ್ನೂರು ಮನೆಗಳು ಒಟ್ಟಾಗಿ, ಮುಂಚಿತವಾಗಿ ಕೇಳಿವೆ. ಮಕ್ಕಳು ಓಡಿಯಾಡಲು ತಕ್ಕ ಉಡುಪು ಈ ಊರಿನಲ್ಲಿ ಸಿಗುವುದಿಲ್ಲವೆಂದವರ ಮನೆಯ ಮಗು ವಾರದಲ್ಲಿ ಐದಾರು ದಿನ ಅಂಥದನ್ನೇ ತೊಟ್ಟು ಹೋಗಿಬರುತ್ತಿದೆ!

ಬರೆಹವುಳ್ಳ ಅಂಗಿಗಳ ಕತೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ನೆರೆಮನೆಯ ಅಜ್ಜಿ ಒಮ್ಮೆ ಮೊಮ್ಮಗಳನ್ನು ಕರೆತಂದು, “ಮೇಷ್ಟ್ರೇ, ಇದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ, ಓದಿ ಹೇಳಿ” ಎಂದರು. ಕನ್ನಡ ಪಾಠ ಹೇಳುವವನಿಗೆ ಬಂದ ಪರೀಕ್ಷೆ! ಪ್ರಾಯದ ಹೆಣ್ಣೊಬ್ಬಳು ತನ್ನ ಗೆಳೆಯನಿಗೆ ಹೇಳಬಹುದಾದ ಚೇಷ್ಟೆಯ ಮಾತೊಂದು ಆರು ವರ್ಷದ ಮಗುವಿನ ಎದೆಯ ಮೇಲೆ ಹೊಳೆಯುವ ಅಕ್ಷರಗಳಲ್ಲಿ ಇದ್ದಿತು. ಅದರ ಸಾರಾಂಶವನ್ನಷ್ಟೇ ಹೇಳಿದೆ. ಅಜ್ಜಿ ಮಾತಾಡಲಿಲ್ಲ, ಅಲ್ಲೇ ಅಂಗಿಯನ್ನು ಕಳಚಿ, ಒಳಮೈ ಹೊರಗೆ ಮಾಡಿ, ಹೊಲಿಗೆ ಕಾಣುವಂತೆಯೇ ಮಗುವಿಗೆ ತೊಡಿಸಿ ಕರೆದುಕೊಂಡು ಹೋದರು. ಆ ಅಂಗಿಯನ್ನು ಕೊಂಡವರಿಗೆ ಇಂಗ್ಲಿಷು ಬಾರದೆ ಇರಲಿಲ್ಲ. ಬಣ್ಣ ನೋಡಿದರು, ಬೆಲೆ ನೋಡಿದರು, ಬರೆದದ್ದನ್ನು ಮಾತ್ರ ನೋಡಲಿಲ್ಲ.

ಅಮೆರಿಕದಲ್ಲಿ ಅದನ್ನೂ ಓದುವವರಿದ್ದರು. ತಾನು ಚೆಲುವೆಯಾದ್ದರಿಂದ ಮನೆಪಾಠವನ್ನು ತನ್ನ ಅಣ್ಣನೇ ಮಾಡಬೇಕೆಂಬ ಅರ್ಥದ ಮಾತನ್ನು ಅಚ್ಚುಹಾಕಿದ್ದ ಹುಡುಗಿಯರ ಅಂಗಿಯೊಂದನ್ನು ಜೆ. ಸಿ. ಪೆನ್ನಿ ಎಂಬ ದೊಡ್ಡ ಮಳಿಗೆ ೨೦೧೧ರಲ್ಲಿ ಮಾರಾಟಕ್ಕಿಟ್ಟಿತು. ತಾಯಂದಿರ ಪ್ರತಿಭಟನೆ ಎದ್ದೊಡನೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದಕ್ಕೆ ಹಿಂದಿನ ವರ್ಷ, ೨೦೧೦ರ ಏಪ್ರಿಲಿನಲ್ಲಿ, ಬ್ರಿಟನ್ನಿನ ಪ್ರೈಮಾರ್ಕ್ ಮಳಿಗೆ ಏಳು ವರ್ಷದ ಹುಡುಗಿಯರಿಗೆಂದು ಎದೆಗೆ ಮೆತ್ತೆಯಿಟ್ಟ ಈಜುಡುಪನ್ನು ಮಾರಿ, ಛೀಮಾರಿ ಹಾಕಿಸಿಕೊಂಡು, ಕ್ಷಮೆ ಕೇಳಿತು. ಗದ್ದಲ ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಕಾರ ರೆಜ್ ಬೈಲಿ ಎಂಬವರಿಂದ ಒಂದು ವರದಿಯನ್ನು ಬರೆಸಿತು. ೨೦೧೧ರ ಜೂನಿನಲ್ಲಿ ವರದಿ ಹೊರಬಿದ್ದಾಗ ಅಲ್ಲಿಯ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವೂ ಮಕ್ಕಳ ಬಟ್ಟೆಯ ಬಗೆಗೆ ನಿಯಮಾವಳಿಯೊಂದನ್ನು ಪ್ರಕಟಿಸಿತು. ಬಟ್ಟೆ, ಕತ್ತರಿಕೆ, ಅದರ ಮೇಲಣ ಬರೆಹ, ಒಳ ಉಡುಪು, ಈಜುಡುಪು ಎಲ್ಲವೂ ಮಕ್ಕಳ ವಯಸ್ಸಿಗೆ ತಕ್ಕಂತಿರಬೇಕೆಂದು ಹಲವು ದೊಡ್ಡ ಮಳಿಗೆಗಳು ತಾವಾಗಿಯೇ ಒಪ್ಪಿದವು. ತಾವಾಗಿಯೇ ಎಂದರೆ, ಬಾಗಿಲಲ್ಲಿ ತಾಯಿತಂದೆಗಳು ನಿಂತಿದ್ದುದರಿಂದ.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದ ಎಚ್ಚರಿಕೆ ಬಂದದ್ದು ಅಂಗಡಿಗಲ್ಲ, ದೂರದರ್ಶನದ ಪೆಟ್ಟಿಗೆಗೆ. ೨೦೧೯ರ ಜೂನಿನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಬರೆದು, ನೃತ್ಯಸ್ಪರ್ಧೆಗಳಲ್ಲಿ ಚಿಕ್ಕ ಮಕ್ಕಳಿಂದ ಚಲಚ್ಚಿತ್ರದ ವಯಸ್ಕರ ಹಾವಭಾವಗಳನ್ನು ಮಾಡಿಸಬಾರದೆಂದು ತಿಳಿಸಿತು. ಅಲ್ಲಿ ಹಾಡು ಕುಣಿತಗಳ ಮಾತು ಬಂದಿತು. ಆದರೆ ವೇದಿಕೆಯಿಂದ ಉಡುಪು ಅಂಗಡಿಗೆ ಇಳಿಯಲು ಎಷ್ಟು ಹೊತ್ತು ಬೇಕು? ಕಾರ್ಯಕ್ರಮ ನೋಡುತ್ತ ಕುಳಿತ ಮನೆಯವರೇ, “ನಮ್ಮ ಪುಟ್ಟಿಗೂ ಅಂಥದೊಂದು ಹಾಕಿದರೆ ಹೇಗೆ ಕಾಣುತ್ತಾಳೆ!” ಎನ್ನುವರು. ಮರುದಿನ ಅಂಗಡಿಯಲ್ಲಿ ಅದೇ ಹೆಸರು ಹೇಳಿ ಕೇಳುವರು. ಮೊಬೈಲಿನಲ್ಲಿ ಚಿತ್ರ ತೆಗೆದು ನೆಂಟರಿಗೆಲ್ಲ ಕಳುಹಿಸಿದಮೇಲೆ ಆ ಉಡುಪಿನ ಕೆಲಸ ಮುಗಿಯಿತು. ಮಗುವಿಗಂತೂ ಅದು ಬೇಕೇ ಇರಲಿಲ್ಲ.

ಅಂಗಡಿ ಮತ್ತು ಕಾರ್ಖಾನೆಗಳ ಹೊಣೆ ಎಲ್ಲಿಂದ ಪ್ರಾರಂಭವಾಗುತ್ತದೆ? ಕೊಳ್ಳುವವರ ಕಣ್ಣಿಗೆ ಬೀಳದ ಸಂಗತಿಗಳಿಂದ ಎಂಬುದು ನನ್ನ ಅಭಿಪ್ರಾಯ. ಕತ್ತಿನ ದಾರವನ್ನೇ ತೆಗೆದುಕೊಳ್ಳಿ. ಮಕ್ಕಳ ಜಾಕೀಟಿನ ಟೊಪ್ಪಿಗೆಗೆ ಪೋಣಿಸಿದ ದಾರ ಜಾರುಬಂಡೆಗೆ ಸಿಕ್ಕಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡ ಮೇಲೆ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು ೧೯೯೬ರಲ್ಲಿ ಅದರ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ೨೦೧೧ರಲ್ಲಿ ಅಂಥ ದಾರವನ್ನು ಅಪಾಯಕರ ದೋಷವೆಂದೇ ಘೋಷಿಸಿತು. ನಮ್ಮ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ; ಸಾವಿರಾರು ಹೆಣ್ಣುಮಕ್ಕಳು ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೊರಡುತ್ತಾರೆ. ಅಮೆರಿಕಕ್ಕೆ ಹೋಗುವ ಅಂಗಿಯಾದರೆ ಅಲ್ಲಿಯ ನಿಯಮದಂತೆ ಹೊಲಿಯಬೇಕು. ಅದೇ ಊರಿನ ಬೀದಿಯಲ್ಲಿ, ಹೊಲಿಯುವವರ ಮಕ್ಕಳೇ ಕೊಳ್ಳುವ ಅಂಗಿಯ ಕತ್ತಿನಿಂದ ಎರಡು ಗೇಣು ದಾರ ತೂಗುತ್ತಿರುತ್ತದೆ. ಇದಕ್ಕೆ ತಾಯಿಯನ್ನು ದೂರುವುದು ನ್ಯಾಯವಲ್ಲ.

ಬಟ್ಟೆಯ ಜಾತಿಯೂ ಹಾಗೆಯೇ. ದೀಪಾವಳಿಗೆ ಹತ್ತಿಯ ಬಟ್ಟೆ ತೊಡಿಸಿ ಎಂದು ವೈದ್ಯರು ವರ್ಷವರ್ಷವೂ ಹೇಳುತ್ತಾರೆ. ನೈಲಾನು, ಪಾಲಿಯೆಸ್ಟರುಗಳು ಕಿಡಿ ತಗುಲಿದರೆ ಕರಗಿ ಮೈಗೆ ಅಂಟುತ್ತವೆ. ಆದರೆ ಹಬ್ಬಕ್ಕೆಂದು ಮಾರುವ ಜಾಲರಿಯ ಫ್ರಾಕು ಬಹುಪಾಲು ಅದೇ ನೂಲಿನದು. ಕಾಲರಿನ ಒಳಗೆ ಉಗುರಿನಷ್ಟು ಚೀಟಿಯಲ್ಲಿ ಬರೆದದ್ದನ್ನು ಹಬ್ಬದ ನೂಕುನುಗ್ಗಲಿನಲ್ಲಿ ಯಾರು ಓದುತ್ತಾರೆ? ಅದನ್ನು ಬಾಯಿಬಿಟ್ಟು ಹೇಳುವುದು ಮಾರುವವರ ಕರ್ತವ್ಯ.

ಇನ್ನು ಅಳತೆ. “ಐದರಿಂದ ಆರು ವರ್ಷ” ಎಂಬ ಚೀಟಿಯುಳ್ಳ ಅಂಗಿ ಒಂದು ಕಂಪನಿಯದು ನಾಲ್ಕರ ಮಗುವಿಗೆ ಬಿಗಿಯಾದರೆ, ಇನ್ನೊಂದು ಕಂಪನಿಯದು ಎಂಟರ ಮಗುವಿಗೆ ದೊಗಲೆಯಾಗುತ್ತದೆ. ಭಾರತೀಯರ ಮೈಯಳತೆಗೆ ಒಂದು ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಸಮೀಕ್ಷೆ ಕೈಗೊಂಡಿತು. ಅಳೆಯಬೇಕಾದ ಆರು ನಗರಗಳಲ್ಲಿ ಬೆಂಗಳೂರೂ ಒಂದು. ಆದರೆ ಅಳೆಯಲು ಗೊತ್ತುಮಾಡಿದ ವಯಸ್ಸು ೧೫ರಿಂದ ೬೫! ಬಟ್ಟೆ ಬಲು ಬೇಗ ಚಿಕ್ಕದಾಗುವವರನ್ನೇ ಟೇಪಿನಿಂದ ಹೊರಗಿಟ್ಟರು. ಕೊಂಡುತಂದ ಫ್ರಾಕು ಮೂರೇ ತಿಂಗಳಲ್ಲಿ ಮೇಲೇರಿ ಮಗು ಮುಜುಗರಪಟ್ಟುಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣ ಯಾರ ಅಭಿರುಚಿಯೂ ಅಲ್ಲ. ಒಳಗೆ ಬಿಚ್ಚಲು ಮಡಿಕೆಯಿಲ್ಲದಿರುವುದು.

ಕಣ್ಣಿಗೆ ಕಾಣುವುದೆಲ್ಲ, ಎಂದರೆ ಕತ್ತಿನ ಇಳಿತ, ಬೆನ್ನಿನ ಜಾಲರಿ, ಎದೆಯ ಮೇಲಣ ಬರೆಹ, ಇವು ತಾಯಿತಂದೆಗಳ ಹೊಣೆಯೇ. ತಂದೆಯ ಹೆಸರನ್ನು ಬೇಕೆಂದೇ ಸೇರಿಸುತ್ತೇನೆ, ಹಣ ಕೊಟ್ಟು ಅಂಗಡಿಯ ಬಾಗಿಲಲ್ಲಿ ಮೊಬೈಲು ನೋಡುತ್ತ ನಿಂತು, ಮನೆಗೆ ಬಂದಮೇಲೆ “ಇದೆಂಥ ಬಟ್ಟೆ ತಂದೆ?” ಎಂದು ಹೆಂಡತಿಯನ್ನು ಕೇಳುವ ತಂದೆಯರನ್ನು ನಾನು ಬಲ್ಲೆ. ಅಂಗಡಿಯಲ್ಲೇ ಮಗುವಿಗೆ ಅಂಗಿ ತೊಡಿಸಿ ಎರಡು ಕೈಗಳನ್ನೂ ಮೇಲೆತ್ತಲು ಹೇಳಿ, ಕುಕ್ಕರಗಾಲಿನಲ್ಲಿ ಕೂರಿಸಿ, ಬಾಗಿಲವರೆಗೆ ಒಂದು ಸಲ ಓಡಿಸಿ. ಒಂದು ನಿಮಿಷ ಸಾಕು. ಅಂಗಡಿಯವರು ಗೊಣಗಿದರೆ ಗೊಣಗಲಿ.

ಹತ್ತು ಹನ್ನೊಂದು ದಾಟಿದ ಮಗುವಿನ ವಿಷಯ ಬೇರೆ. ಅದಕ್ಕೆ ತನ್ನದೇ ಇಷ್ಟವಿದೆ, ಗೆಳತಿಯರಿದ್ದಾರೆ, ಕನ್ನಡಿಯಿದೆ. “ಇದು ಬೇಡ” ಎಂದರೆ “ಏಕೆ?” ಎಂದು ಕೇಳುತ್ತದೆ. “ನಾಲ್ಕು ಜನ ಏನೆಂದಾರು” ಎಂಬ ಉತ್ತರ ಆ ಪ್ರಶ್ನೆಗೆ ಸಾಲದು. ನಾಲ್ಕು ಜನರ ಮೆಚ್ಚುಗೆಗಾಗಿಯೇ ಅಲ್ಲವೆ, ಐದನೆಯ ವರ್ಷದಲ್ಲಿ ನಾವು ಅದಕ್ಕೆ ಚಮಕಿಯ ಫ್ರಾಕು ತೊಡಿಸಿ ಚಿತ್ರ ತೆಗೆದದ್ದು?