ಕ್ಲಾಸಿಗೆ ಹೋಗುವುದು ಮಕ್ಕಳಿಷ್ಟ!

ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಲೇಸ್ಟನ್ ಎಂಬ ಸಣ್ಣ ಊರಿದೆ. ಅಲ್ಲಿನ ಒಂದು ಶಾಲೆಯ ಹೆಸರು ಸಮ್ಮರ್‌ಹಿಲ್. ವೇಳಾಪಟ್ಟಿಯಲ್ಲಿರುವ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಕ್ಲಾಸಿನಲ್ಲಿ ಹಾಜರಿರಬೇಕು. ಮಕ್ಕಳು ಮಾತ್ರ ಬಂದರೆ ಬಂದರು, ಇಲ್ಲವಾದರೆ ಇಲ್ಲ! ಮರ ಹತ್ತಬಹುದು, ಮರಗೆಲಸದ ಕೋಣೆಯಲ್ಲಿ ಏನಾದರೂ ಮಾಡುತ್ತ ಕೂರಬಹುದು. ಯಾರೂ ಗದರುವುದಿಲ್ಲ.

ಇದನ್ನು ಓದುತ್ತಿದ್ದಂತೆ ಮಕ್ಕಳೇ, ನಿಮ್ಮ ಮುಖ ಅರಳಿರಬೇಕು. ಪಕ್ಕದಲ್ಲಿ ಕೂತ ಅಜ್ಜ, “ಹಾಗಾದರೆ ಓದುವವರು ಯಾರು?” ಎಂದು ಹುಬ್ಬು ಗಂಟಿಕ್ಕಿರಬೇಕು. ಅಜ್ಜನ ಪ್ರಶ್ನೆ ಸರಿಯಾದದ್ದೇ.

ಈ ಶಾಲೆಯನ್ನು 1921ರಲ್ಲಿ ಶುರು ಮಾಡಿದವರು ಎ. ಎಸ್. ನೀಲ್. ಸ್ಕಾಟ್ಲೆಂಡಿನ ಹಳ್ಳಿ ಮೇಷ್ಟ್ರ ಮಗ. ಹೆದರಿಸಿ ಕಲಿಸಿದ್ದು ಮಕ್ಕಳಿಗೆ ದಕ್ಕುವುದಿಲ್ಲ, ಬೇಕೆನಿಸಿದಾಗ ಅವರೇ ಕಲಿಯುತ್ತಾರೆ ಎಂಬುದು ಅವರ ನಂಬಿಕೆ. ಬೇರೆ ಶಾಲೆಗಳಿಂದ ಬಂದ ಮಕ್ಕಳು ಮೊದಮೊದಲು ಪಾಠವೆಂದರೆ ದೂರ ಓಡುತ್ತಿದ್ದರಂತೆ. ಆ ಬೇಸರ ಇಳಿಯಲು ಸರಾಸರಿ ಮೂರು ತಿಂಗಳು ಬೇಕು ಎಂದು ನೀಲ್ ಬರೆದಿದ್ದಾರೆ. ಕಾನ್ವೆಂಟ್‌ನಿಂದ ಬಂದ ಒಬ್ಬ ಹುಡುಗಿಗೆ ಮಾತ್ರ ಮೂರು ವರ್ಷವೇ ಹಿಡಿಯಿತು! ಅಷ್ಟು ದಿನ ಕಾಯುವ ತಾಳ್ಮೆ ನಮ್ಮಲ್ಲಿ ಎಷ್ಟು ಮಂದಿ ದೊಡ್ಡವರಿಗಿದೆ?

ಹಾಗೆಂದು ಅಲ್ಲಿ ನಿಯಮಗಳೇ ಇಲ್ಲವೆಂದುಕೊಳ್ಳಬೇಡಿ. ಬೇಕಾದಷ್ಟಿವೆ. ಆದರೆ ಬಹುಪಾಲನ್ನು ಮಾಡುವುದು ಶಾಲೆಯ ಸಭೆ. ಮಕ್ಕಳು, ಮೇಷ್ಟ್ರುಗಳು ಎಲ್ಲರೂ ಕೂತು ಕೈಯೆತ್ತಿ ತೀರ್ಮಾನಿಸುತ್ತಾರೆ. ಆರು ವರ್ಷದ ಪುಟಾಣಿಗೂ ಒಂದೇ ಮತ, ಮುಖ್ಯೋಪಾಧ್ಯಾಯರಿಗೂ ಒಂದೇ ಮತ. ರಾತ್ರಿ ಎಷ್ಟು ಗಂಟೆಗೆ ಮಲಗಬೇಕೆಂಬುದೂ ಅಲ್ಲೇ ನಿರ್ಧಾರ. ತಪ್ಪು ಮಾಡಿದವರಿಗೆ ದಂಡ. ಒಮ್ಮೊಮ್ಮೆ ಅವತ್ತಿನ ಸಿಹಿತಿಂಡಿ ಖೋತಾ. ನೀಲ್ ತಂದ ಸಲಹೆಗಳನ್ನೇ ಮಕ್ಕಳು ಸೋಲಿಸಿದ್ದುಂಟು.

ನೀಲ್ 1973ರಲ್ಲಿ ತೀರಿಕೊಂಡರು. ಮುಂದೆ ಅವರ ಮಗಳು ಜೋಯಿ ರೆಡ್‌ಹೆಡ್ ಶಾಲೆಯ ಹೊಣೆ ಹೊತ್ತರು. 1999ರಲ್ಲಿ ಸರ್ಕಾರದ ತಪಾಸಣಾಧಿಕಾರಿಗಳು ಬಂದರು. ಪಾಠಕ್ಕೆ ಬಾರದೆ ಕಳೆಯುವ ಸ್ವಾತಂತ್ರ್ಯ ಅವರಿಗೆ ಸೋಮಾರಿತನವಾಗಿ ಕಂಡಿತು. ಇದನ್ನು ಸರಿಪಡಿಸಿ ಎಂದು ಸರ್ಕಾರ ನೋಟಿಸು ಕೊಟ್ಟಿತು. ಒಪ್ಪಿದರೆ ಅದು ಸಮ್ಮರ್‌ಹಿಲ್ ಆಗಿ ಉಳಿಯುವುದಿಲ್ಲ. ಒಪ್ಪದಿದ್ದರೆ ಬಾಗಿಲು ಮುಚ್ಚಬೇಕಾದೀತು. ಶಾಲೆ ಮೇಲ್ಮನವಿ ಹಾಕಿತು.

2000ದ ಮಾರ್ಚ್‌ನಲ್ಲಿ ಲಂಡನ್ನಿನ ಹಳೆಯ, ಗಂಭೀರವಾದ ನ್ಯಾಯಾಲಯದ ಕಟ್ಟಡದಲ್ಲಿ ವಿಚಾರಣೆ. ಮಕ್ಕಳೂ ಹೋಗಿ ಕೂತಿದ್ದರು. ಕೆಲವೇ ದಿನಗಳಲ್ಲಿ ಸರ್ಕಾರದ ಕಡೆಯವರು ರಾಜಿಗೆ ಬಂದರು. ಒಪ್ಪುವುದೋ ಬೇಡವೋ? ಇದನ್ನು ದೊಡ್ಡವರಷ್ಟೇ ಹೇಳುವಂತಿರಲಿಲ್ಲ, ಶಾಲೆಯ ಸಭೆ ಹೇಳಬೇಕಿತ್ತು. ಸಭೆ ನಡೆಸಲು ಆ ನ್ಯಾಯಾಲಯದ ಕೋಣೆಯನ್ನೇ ಬಿಟ್ಟುಕೊಟ್ಟರು! ವಕೀಲರು ವಾದಿಸುತ್ತಿದ್ದ ಜಾಗದಲ್ಲಿ ವಿದ್ಯಾರ್ಥಿಯೊಬ್ಬರ ಅಧ್ಯಕ್ಷತೆಯಲ್ಲಿ ಮಕ್ಕಳು ಷರತ್ತುಗಳನ್ನು ಚರ್ಚಿಸಿದರು, ಕೈಯೆತ್ತಿದರು. ರಾಜಿಗೆ ಒಪ್ಪಿಗೆ ಸಿಕ್ಕಿತು.

ಪಾಠಕ್ಕೆ ಹೋಗುವುದು, ಬಿಡುವುದು ಮಕ್ಕಳ ಆಯ್ಕೆಯಾಗಿಯೇ ಉಳಿಯಿತು. ಇನ್ನು ಮುಂದೆ ತಪಾಸಣೆಗೆ ಬರುವವರು ಶಾಲೆಯ ಆಶಯವನ್ನು ಗಮನದಲ್ಲಿಡಬೇಕು, ಮಕ್ಕಳ ಮಾತನ್ನೂ ಕೇಳಬೇಕು ಎಂದಾಯಿತು. ಈ ಪ್ರಕರಣವನ್ನು ಆಧರಿಸಿ ಬಿಬಿಸಿ 2008ರಲ್ಲಿ ಮಕ್ಕಳಿಗಾಗಿ ಒಂದು ಧಾರಾವಾಹಿಯನ್ನೂ ಪ್ರಸಾರ ಮಾಡಿತು. ಶಾಲೆಗೆ 2021ರಲ್ಲಿ ನೂರು ವರ್ಷ ತುಂಬಿತು. ಸಭೆಯಲ್ಲಿ ಪುಟಾಣಿಗಳ ಮತ ಈಗಲೂ ದೊಡ್ಡವರ ಮತಕ್ಕೆ ಸಮ.